ಒಂಬತ್ತರ ಗೋಡೆ

ಹನುಮವ್ವನ ಹತ್ತಿರ ಇಎಸ್‌ಐ ಕಾರ್ಡ್ ಇರಲಿಲ್ಲ. ಗೋವಾ ಸರಕಾರದ ಮೆಡಿಕ್ಲೇಮ್ ಕೂಡ ಇರಲಿಲ್ಲ. ಅದಕ್ಕೆ ಹಲವು ವರ್ಷ ಇಲ್ಲೇ ವಾಸವಿದ್ದ ದಾಖಲೆ ಬೇಕಿತ್ತು, ಅವಳಿದ್ದ ಖೋಲಿಗೆ ಮನೆ ನಂಬರೇ ಇರಲಿಲ್ಲ. ಊರಲ್ಲಿ ರೇಶನ್ ಕಾರ್ಡ್ ಪರಿಶೀಲನೆಗೆ ಬಂದವರು, ಇವರು ಇಲ್ಲಿ ಇರುವವರಲ್ಲ ಎಂದು ಗಂಡಹೆಂಡಿರ ಹೆಸರನ್ನು ಹೊಡೆದುಹಾಕಿದ್ದರು. ಹೀಗಾಗಿ ಬಾದಾಮಿ ತಾಲೂಕಿನ ಲೆಕ್ಕದಲ್ಲಿ ಅವರು ಗೋವಾದವರು, ಗೋವಾದ ಲೆಕ್ಕದಲ್ಲಿ ಘಟ್ಟದಾಚೆಯ ಘಾಟಿಗಳು.

ಕಾರ್ಡ್ ಬೇಕಾಗಿದ್ದು ಗಂಡ ಪರಶುವಿಗೆ. ಅವನ ಹೃದಯದ ಒಂದು ಕವಾಟ ಕೆಟ್ಟಿತ್ತು. ಸಣ್ಣವನಿದ್ದಾಗ ಮೊಣಕಾಲು ಬಾತು ಜ್ವರ ಬಂದಿತ್ತಂತೆ, ಆಗಲೇ ಕೆಟ್ಟಿದ್ದಂತೆ. ಗೊತ್ತಾಗದೆಯೇ ಅವನು ವಾಸ್ಕೋ ಬಂದರಿನಲ್ಲಿ ಎಂಟು ವರ್ಷ ಚೀಲ ಹೊತ್ತ. ಒಂದು ದಿನ ಚೀಲದ ಸಮೇತ ಹಲಗೆಯ ಮೇಲೆ ಕುಸಿದ. ಈಗ ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದ. ಸರಕಾರಿ ಆಸ್ಪತ್ರೆಯ ಡಾಕ್ಟರು ಮುಚ್ಚಿಡದೆ ಹೇಳಿದ್ದರು: ಆಪರೇಷನ್ ಮಾಡುತ್ತೇವೆ, ಕವಾಟವನ್ನು ಮಾತ್ರ ನೀವೇ ಕೊಂಡು ತರಬೇಕು. ಅದರ ಬೆಲೆ ಕೇಳಿ ಇಬ್ಬರೂ ಸುಮ್ಮನೆ ಎದ್ದು ನಿಂತಾಗ ಅವರೇ ಕೇಳಿದ್ದರು, "ಇಎಸ್‌ಐ ಇದೆಯಾ? ಇದ್ದರೆ ಎಲ್ಲಾ ಅವರೇ ಕೊಡುತ್ತಾರೆ."

ಹನುಮವ್ವ ಕೆಲಸ ಮಾಡುತ್ತಿದ್ದದ್ದು ಸಾಂಕೋಲೆಯ ಬಾಟ್ಲಿ ಗೋದಾಮಿನಲ್ಲಿ. ಹೆಸರಿಗೆ ಗೋದಾಮು. ಇದ್ದದ್ದು ಬಯಲು, ಮೇಲೆ ಅರ್ಧ ತಗಡು. ಭಂಗಾರದವರಿಂದ, ಅಂದರೆ ಗುಜರಿಯವರಿಂದ, ಬಂದ ಹಳೆಯ ಬಿಯರ್, ರಮ್ ಬಾಟಲಿಗಳನ್ನು ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿ ನೆನೆಹಾಕಿ, ಚೀಟಿ ಕೆರೆದು, ಒಳಗೆ ಬ್ರಶ್ ಆಡಿಸಿ, ತೊಳೆದು, ಬಿಸಿಲಿಗೆ ಬೋರಲು ಹಾಕಿ, ಕ್ರೇಟಿಗೆ ತುಂಬಿ ಮದ್ಯದ ಫ್ಯಾಕ್ಟರಿಗೆ ಕಳಿಸುವುದು. ಯಂತ್ರವಿಲ್ಲ, ಕರೆಂಟಿಲ್ಲ. ನೀರು ಟ್ಯಾಂಕರಿನದು, ಉಳಿದದ್ದೆಲ್ಲ ಹೆಂಗಸರ ಕೈಯದು. ಆ ಕೈಗಳು ಮಣಿಕಟ್ಟಿನವರೆಗೆ ಬೆಳ್ಳಗೆ ಸುಲಿದಿರುತ್ತಿದ್ದವು. ಬಸ್ಸಿನಲ್ಲಿ ಕಂಬಿ ಹಿಡಿದ ಕೈ ನೋಡಿಯೇ ಬಾಟ್ಲಿಯವಳು ಎಂದು ಹೇಳಬಹುದಿತ್ತು.

ಮಾಲೀಕ ದೇವಪ್ಪ. ಅವನೂ ಬಾದಾಮಿ ಕಡೆಯವನೇ. ಸೈಕಲ್ಲಿಗೆ ಚೀಲ ಕಟ್ಟಿಕೊಂಡು ಭಂಗಾರ ಕೂಗುತ್ತ ಶುರು ಮಾಡಿದವನು. ಹನುಮವ್ವನಿಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು. ಕೆಲಸಕ್ಕಿದ್ದವರನ್ನೆಲ್ಲ ಆ ಕಡೆಯಿಂದ ಅವನೇ ಕರೆತಂದಿದ್ದ, ಜುವಾರಿನಗರದ ಹಿಂದೆ ತಾನೇ ಕಟ್ಟಿಸಿದ ಏಳು ಸಾಲುಖೋಲಿಗಳಲ್ಲಿ ಇರಿಸಿದ್ದ. ಪರಶು ಬಂದರಿನಲ್ಲಿ ಬಿದ್ದ ದಿನ ತನ್ನ ಟೆಂಪೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದವನೂ ಅವನೇ. ಕೆಟ್ಟವನಲ್ಲ. ಲೆಕ್ಕ ಗೊತ್ತಿದ್ದವನು.

ಅವನ ಲೆಕ್ಕ ಇಷ್ಟೇ: ಗೋದಾಮಿನಲ್ಲಿ ಯಾವತ್ತೂ ಹತ್ತೊಂಬತ್ತು ಜನ. ಕರೆಂಟಿಲ್ಲದ ಕೆಲಸಕ್ಕೆ ಇಪ್ಪತ್ತು ಜನ ಆದರೆ ಇಎಸ್‌ಐ ಕಟ್ಟಬೇಕು ಎಂದು ವಾಸ್ಕೋದ ಅವನ ಟ್ಯಾಕ್ಸ್ ಸಲಹೆಗಾರ ಹೇಳಿದ್ದ. ಇಪ್ಪತ್ತನೆಯವರು ಕೆಲಸ ಕೇಳಿಕೊಂಡು ಬಂದರೆ ದೇವಪ್ಪ ಚಹಾ ಕುಡಿಸಿ ಕಳಿಸುತ್ತಿದ್ದ.

ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ ಸಲಹೆಗಾರ ಫೋನ್ ಮಾಡಿದ. ದಿಲ್ಲಿಯಲ್ಲಿ ಕಾಯ್ದೆ ತಿದ್ದಿದ್ದಾರೆ, ಇನ್ನು ಹತ್ತು ಜನ ಇದ್ದರೂ ಕಟ್ಟಬೇಕು. ಬಡ ಕೂಲಿಕಾರರಿಗೆ ಅನುಕೂಲವಾಗಲಿ ಎಂದು ಮಾಡಿದ್ದಂತೆ. ಮಳೆ ನಿಂತ ಕೂಡಲೇ ದೇವಪ್ಪ ಒಂದು ಲಾರಿ ಚಿರೆಕಲ್ಲು ತರಿಸಿ ಬಯಲಿನ ನಡುವೆ ಎದೆಮಟ್ಟದ ಗೋಡೆ ಕಟ್ಟಿಸಿದ. ಗೋಡೆಯ ಈ ಕಡೆ ತನ್ನ ಹೆಸರಿನ ಬೋರ್ಡು, ಆ ಕಡೆ ಹೆಂಡತಿ ಅಂಬಿಕಾಳ ಹೆಸರಿನ ಬೋರ್ಡು. ಈ ಕಡೆ ಒಂಬತ್ತು ಜನ, ಆ ಕಡೆ ಒಂಬತ್ತು ಜನ. ತೊಟ್ಟಿಗಳೆಲ್ಲ ಒಂದೇ ಕಡೆ, ಬಿಸಿಲು ಬೀಳುವ ಜಾಗ ಇನ್ನೊಂದು ಕಡೆ. ಅದಕ್ಕೆ ನಡುವೆ ಒಬ್ಬರು ದಾಟುವಷ್ಟು ಸಂದಿ ಬಿಡಿಸಿದ.

ಹೆಂಗಸರಿಗೆ ಮೊದಲ ದಿನವೆಲ್ಲ ನಗು. ಎಲ್ಲರಿಗಿಂತ ಹಿರಿಯಳಾದ ಚಂದ್ರಿಬಾಯಿ ಗೋಡೆಯ ಮೇಲೆ ಗಲ್ಲವೂರಿ ಕೇಳಿದಳು, "ಏನವಾ, ನಿಂದು ಕರ್ನಾಟಕ ಏನ ಮಹಾರಾಷ್ಟ್ರ?"

"ನಂದು ಬೆಳಗಾವಿ. ಇನ್ನೂ ಕೋರ್ಟಿನಾಗ ಐತಿ," ಎಂದಳು ಸಂದಿಯಲ್ಲಿ ನಿಂತ ಹನುಮವ್ವ.

"ಹಂಗಾರ ಬಸ್ಸಿಗೆ ಕಲ್ಲ ಒಗೀಬ್ಯಾಡ, ಕ್ರೇಟ್ ಕೊಡು."

ಹನುಮವ್ವ ಹತ್ತೊಂಬತ್ತನೆಯವಳು. ಎಲ್ಲರಿಗಿಂತ ಕೊನೆಗೆ ಸೇರಿದವಳು. ಲೆಕ್ಕದ ಪ್ರಕಾರ ಅವಳನ್ನು ಬಿಡಿಸಬೇಕಿತ್ತು. "ಮನ್ಯಾಗ ರೋಗಿಷ್ಠ ಅದಾನ, ಎಲ್ಲಿ ಕಳಸಲಿ. ನಡುವ ಇರು," ಎಂದು ದೇವಪ್ಪ ಉಳಿಸಿಕೊಂಡಿದ್ದ. ಅವಳು ಸಂದಿಯಲ್ಲಿ ನಿಂತು ಈ ಕಡೆಯ ಬಾಟಲಿ ಆ ಕಡೆಗೆ ದಾಟಿಸುತ್ತಿದ್ದಳು, ಯಾವ ಕಡೆ ಕೈ ಕಡಿಮೆಯೋ ಅಲ್ಲಿ ಕೂತು ತೊಳೆಯುತ್ತಿದ್ದಳು. ಒಂದು ಕರಾರಿತ್ತು. ರಸ್ತೆಯಂಚಿನ ಚಹಾದಂಗಡಿಯವನು ಸರಕಾರಿ ಜೀಪು ಕಂಡರೆ ದೇವಪ್ಪನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಆಗ ಹನುಮವ್ವ ತಂಬಿಗೆ ಹಿಡಿದು ಹಿಂದಿನ ಗೇರುಗುಡ್ಡಕ್ಕೆ ಹೋಗಬೇಕು. ತಂಬಿಗೆ ಹಿಡಿದ ಹೆಂಗಸನ್ನು ಯಾವ ಸಾಹೇಬನೂ ಎಲ್ಲಿಗೆ ಹೊರಟೆ ಎಂದು ಕೇಳುವುದಿಲ್ಲ. ಜೀಪು ಹೋಗುವವರೆಗೆ ಗೇರುಮರದ ಕೆಳಗೆ ಕೂತಿರುವುದು. ಒಮ್ಮೆ ಕಾರ್ಮಿಕ ಇಲಾಖೆಯವರು ಬಂದಾಗ, ಇನ್ನೊಮ್ಮೆ ಪಂಚಾಯತದವರು ಬಂದಾಗ ಅವಳು ಹಾಗೆ ಕೂತು ಬಂದಿದ್ದಳು.

ಕಾಯ್ದೆಯ ವಿಷಯ ಹೆಂಗಸರಿಗೆ ಹೇಳಿದವನು ಮೌಲಾಸಾಬ. ಫ್ಯಾಕ್ಟರಿಗೆ ಕ್ರೇಟು ಒಯ್ಯುವ ಲಾರಿಯ ಡ್ರೈವರು. ಕ್ರೇಟು ಏರಿಸುವಾಗ ಅವನಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ನಮ್ಮ ತಮ್ಮನ ಹೇಣ್ತಿ ಗರ್ಭಕೋಶ ತಗಸಿದ್ಳು, ಒಂದು ರೂಪಾಯಿ ಬಿಚ್ಚಲಿಲ್ಲ. ಕಾರ್ಡ್ ತೋರಿಸಿದ್ರು, ಮುಗೀತು. ನಿಮ್ಮ ದೇವಪ್ಪ ಈ ಗೋಡಿ ಯಾಕ ಕಟ್ಟ್ಯಾನ ಗೊತ್ತೈತಿಲ್ಲೋ? ಹತ್ತ ಮಂದಿ ಆದ್ರ ನಿಮಗೆಲ್ಲಾ ಕಾರ್ಡ್ ಕೊಡಬೇಕು."

"ನಾವು ಒಂಬತ್ತು ಅದೀವಿ," ಎಂದಳು ಚಂದ್ರಿಬಾಯಿ.

"ಹೌದ, ಅವರೂ ಒಂಬತ್ತು." ಮೌಲಾಸಾಬ ಸಂದಿಯ ಕಡೆ ಗದ್ದ ತೋರಿಸಿದ. "ಈಕಿ ಯಾರ ಪೈಕಿ?"

ಹನುಮವ್ವ ಕ್ರೇಟು ದಾಟಿಸಿದಳು.

ಸಂಜೆ ಅವಳು ಇದನ್ನು ಪರಶುವಿಗೆ ಹೇಳಿದಳು. ಅವನು ಗೋಡೆಗೆ ಒರಗಿ, ಮೊಣಕಾಲ ಮೇಲೆ ದಿಂಬು ಇಟ್ಟುಕೊಂಡು ಕೂತಿದ್ದ.

"ಹತ್ತ ಮಂದಿ ಇದ್ರ ಕಾರ್ಡ್ ಕೊಡತಾರಂತ."

"ಒಂಬತ್ತ ಮಂದಿ ಇದ್ರ?"

"ಇಲ್ಲಂತ."

"ಒಂಬತ್ತ ಮಂದಿಗೆ ಎದಿ ಇರೂದಿಲ್ಲೇನ?" ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ, "ನಿನ್ನ ಮಾವ ಶಾಣ್ಯಾ ಅದಾನ. ದಿಲ್ಲಿಯವರು ಐದಕ್ಕ ಇಳಿಸಿದ್ರ ಇನ್ನ ಮೂರು ಗೋಡಿ ಕಟ್ಟತಾನ. ಒಬ್ಬೊಬ್ಬರಿಗೆ ಒಂದೊಂದು ಖೋಲಿ ಆಕ್ಕೈತಿ, ಬಾಡಿಗೀನೂ ಹಿಡೀತಾನ."

"ಜೀಪ್ ಬಂದಾಗ ನಾ ಗುಡ್ಡಕ್ಕ ಹೋಗದಿದ್ರ ಹತ್ತಾಗತೀವಿ."

ಪರಶು ಮೊಣಕಾಲ ಮೇಲಿನ ದಿಂಬು ಸರಿಮಾಡಿಕೊಂಡ. "ಹೋಗಬ್ಯಾಡ ಅಂತ ನಾ ಅನ್ನೂದಿಲ್ಲ," ಎಂದ. "ಅಂದ್ರ, ಗೋದಾಮ ಮುಚ್ಚೀತು, ನನ್ನ ಸಲುವಾಗಿ ಹದಿನೆಂಟು ಮಂದಿ ಕೂಳು ಕಳಿ ಅಂದಂಗ ಆಕ್ಕೈತಿ. ಹೋಗು ಅಂತೂ ಅನ್ನೂದಿಲ್ಲ. ನನಗ ಸಾಯಾಕ ಮನಸಿಲ್ಲ."

ಫೆಬ್ರುವರಿಯಲ್ಲಿ ಜೀಪು ಬಂತು. ದೇವಪ್ಪನ ಫೋನು ಒಮ್ಮೆ ಹೊಡೆದುಕೊಂಡು ನಿಂತಿತು. ಅವನು ಹನುಮವ್ವನ ಕಡೆ ನೋಡಿದ. ಅವಳು ಸಂದಿಯ ಕಲ್ಲಿನ ಮೇಲೆ ಕೂತು ಬಾಟಲಿಗೆ ಬ್ರಶ್ ಆಡಿಸುತ್ತಿದ್ದಳು. ಚಂದ್ರಿಬಾಯಿ ತಂಬಿಗೆ ತಂದು ಅವಳ ಮುಂದೆ ಹಿಡಿದಳು.

"ಏಳ, ಗುಡ್ಡಕ್ಕ ಹೋಗು."

"ನಂಗ ಬಂದಿಲ್ಲ."

"ಬರಲಿಕ್ಕರ ಸುಮ್ನ ಕೂತ ಬಾ."

"ಬಂದಿಲ್ಲಬೇ."

ಚಂದ್ರಿಬಾಯಿ ತಂಬಿಗೆಯನ್ನು ಅಲ್ಲೇ ಇಟ್ಟು ತನ್ನ ಜಾಗಕ್ಕೆ ಹೋದಳು. ಅಷ್ಟರಲ್ಲಿ ಇಎಸ್‌ಐ ಆಫೀಸರು ಒಳಗೆ ಬಂದಿದ್ದರು. ನಡುವಯಸ್ಸಿನ ಮನುಷ್ಯ, ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ದೇವಪ್ಪ ಕೊಟ್ಟ ತಂಪು ಬಾಟಲಿ ಮುಟ್ಟಲಿಲ್ಲ. ಈ ಕಡೆ ಎಣಿಸಿದರು, ಆ ಕಡೆ ಎಣಿಸಿದರು, ಆಮೇಲೆ ಸಂದಿಯ ಹತ್ತಿರ ನಿಂತರು.

"ಈಕಿ ನಮ್ಮ ಬೀಗರ ಹುಡುಗಿ ಸಾಬ್, ಖಾನಾ ಲೇಕೆ ಆಯಿ," ಎಂದ ದೇವಪ್ಪ.

"ಹಾತ್ ದಿಖಾವ್," ಎಂದರು ಆಫೀಸರು.

ಹನುಮವ್ವ ಎರಡೂ ಕೈ ಚಾಚಿದಳು. ಅವರು ಒಂದು ಕ್ಷಣ ನೋಡಿ, ಊಟ ತಂದವಳ ಕೈ ಅಲ್ಲ ಇದು ಎಂಬುದನ್ನು ದೇವಪ್ಪನಿಗೆ ಹೇಳುವ ಗೋಜಿಗೂ ಹೋಗಲಿಲ್ಲ. "ಕಿಸ್ ತರಫ್ ಕಾಮ್ ಕರ್ತಿ ಹೋ?"

ಯಾವ ಕಡೆ ಕೆಲಸ ಎಂಬುದಕ್ಕೆ ಒಂದೇ ಕಡೆ ಹೇಳಿದ್ದರೆ ಆ ಕಡೆಯ ಹತ್ತು ಜನರಿಗೆ ಮಾತ್ರ ಆಗುತ್ತಿತ್ತು. ಹನುಮವ್ವ ಅಷ್ಟೆಲ್ಲ ಯೋಚಿಸಲಿಲ್ಲ. ಇದ್ದದ್ದು ಹೇಳಿದಳು. "ದೋನೋ ತರಫ್."

ಅಲ್ಲಿಗೆ ಗೋಡೆ ಮುಗಿಯಿತು. ಎರಡೂ ಕಡೆ ಒಂದೇ ಗೋದಾಮು, ಹತ್ತೊಂಬತ್ತು ಜನ ಎಂದು ಆಫೀಸರು ಬರೆದುಕೊಂಡು ಹೋದರು. ದೇವಪ್ಪ ಕೂಗಾಡಲಿಲ್ಲ. ಆ ತಂಪು ಬಾಟಲಿಯನ್ನು ತಾನೇ ಕುಡಿದು, ಖಾಲಿಯಾದದ್ದನ್ನು ತೊಟ್ಟಿಗೆ ಹಾಕಿದ. ಸಂಜೆಯವರೆಗೆ ಯಾವ ಹೆಂಗಸೂ ಹನುಮವ್ವನ ಜೊತೆ ಮಾತಾಡಲಿಲ್ಲ.

ವಾರದ ನಂತರ ಅವನು ಅವಳ ಖೋಲಿಗೆ ಬಂದ. ಪರಶುವಿಗೆಂದು ಮೋಸಂಬಿ ತಂದಿದ್ದ. ನೆಲದ ಮೇಲೆ ಕೂತ. ಮುಖ ಇಳಿದಿತ್ತು.

"ಹನುಮವ್ವ, ನಾ ಜಗಳಾಡಾಕ ಬಂದಿಲ್ಲ. ನೀ ಹೇಳಿದ್ದು ಖರೇನ. ಆದ್ರ ಅವರೇನಂತಾರ ಗೊತ್ತೈತೇನು? ಕಾಯ್ದೆ ಬಂದ ದಿನದಿಂದ ಎಲ್ಲಾರದೂ ತುಂಬು, ಮ್ಯಾಲ ಬಡ್ಡಿ, ದಂಡ. ಅಷ್ಟು ತುಂಬಿದ್ರ ನಾ ಮತ್ತ ಸೈಕಲ್ ಹತ್ತಬೇಕು. ಎಲ್ಲಾರೂ ಈ ತಿಂಗಳನ ಕೆಲಸಕ್ಕ ಸೇರ್ಯಾರ ಅಂತ ಬರದುಕೊಟ್ರ ಮುಂದಿಂದಷ್ಟ ತುಂಬತೇನಿ. ಉಳದ ಹದಿನೆಂಟೂ ಮಂದಿ ಒತ್ಯಾರ. ನಿಂದೊಂದ ಬಾಕಿ."

"ಕಾರ್ಡ್ ಬರತೈತಲ್ರಿ ಮಾವಾ?"

"ಬರತೈತಿ. ಎಲ್ಲಾರಕಿಂತ ಮೊದಲ ನಿಂದ ಮಾಡಸ್ತೇನಿ."

ಪರಶು ಗೋಡೆಗೆ ಒರಗಿಕೊಂಡೇ ಹೇಳಿದ, "ಇವತ್ತ ಬ್ಯಾಡ. ನಾಳೆ ಯಾರಿಗರ ತೋರಿಸಿ ಒತ್ತು."

ಅದು ಬುದ್ಧಿಯ ಮಾತು. ಆದರೆ ಮಾವನಾದವನು ತನ್ನ ಮನೆಗೆ ಬಂದು, ಜಮಖಾನೆ ಹಾಸುವ ಮೊದಲೇ ನೆಲದ ಮೇಲೆ ಕೂತಿದ್ದ. ಅವನು ಕೊಟ್ಟ ಖೋಲಿಯಲ್ಲೇ ಅವನಿಗೆ ಇಲ್ಲ ಅನ್ನುವುದು ಹೇಗೆ. ಆವತ್ತು ಗೋದಾಮಿನಲ್ಲಿ ಒಮ್ಮೆ ಅವನ ಮಾತು ಮೀರಿದ್ದೇ ಅವಳ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಎರಡನೆಯ ಸಲ ಆಗಲಿಲ್ಲ. ಕಾರ್ಡಂತೂ ಬರುತ್ತದೆ, ಯಾವಾಗ ಸೇರಿದೆ ಎಂಬುದರಿಂದ ಯಾರಿಗೇನು, ಅಂದುಕೊಂಡಳು. ಹೆಬ್ಬೆಟ್ಟು ಒತ್ತಿದಳು. ಸೋಡಾ ತಿಂದ ಬೆರಳಲ್ಲಿ ಗೆರೆಗಳಿರಲಿಲ್ಲ. ಕಾಗದದ ಮೇಲೆ ಬರೀ ನೀಲಿ ಮಚ್ಚೆ ಬಿತ್ತು.

ದೇವಪ್ಪ ಸುಳ್ಳು ಹೇಳಿರಲಿಲ್ಲ. ಕಾರ್ಡಿನ ಮೊದಲ ಚೀಟಿ ಅವಳದೇ ಬಂತು. ಕುಟುಂಬದ ಫೋಟೋ ತೆಗೆಸುವ ದಿನ ಪರಶು ಗಡ್ಡ ಹೆರೆಸಿಕೊಂಡು, ಮದುವೆಯ ಅಂಗಿ ಹಾಕಿಕೊಂಡ. ಅಂಗಿಯೊಳಗೆ ಇನ್ನೊಬ್ಬರು ಹಿಡಿಸುತ್ತಿದ್ದರು. ಗೋದಾಮಿನ ಹೆಂಗಸರು ಹನುಮವ್ವನ ಜೊತೆ ಮತ್ತೆ ಮಾತು ಶುರು ಮಾಡಿದರು. ಚಂದ್ರಿಬಾಯಿ ಮಂಜಾಗಿದ್ದ ಕಣ್ಣು ತೋರಿಸಿ ಬಂದಳು, ಔಷಧಿ ಪುಕ್ಕಟೆ ಕೊಟ್ಟಿದ್ದರು.

"ಆವತ್ತು ನಿಂಗ ಬರಲಿಲ್ಲ, ಅದಕ್ಕ ನಮಗ ಕಾರ್ಡ್ ಬಂತು," ಎಂದು ಎಲ್ಲರ ಮುಂದೆ ಹೇಳಿ ನಗಿಸಿದಳು.

ಹನುಮವ್ವ ಪರಶುವನ್ನು ಕರೆದುಕೊಂಡು ಮಡಗಾಂವಿನ ಇಎಸ್‌ಐ ಆಸ್ಪತ್ರೆಗೆ ಹೋದಳು. ಅಲ್ಲಿ ಡಾಕ್ಟರು ನೋಡಿದರು, ಮಾತ್ರೆ ಬರೆದರು, ಮಾತ್ರೆ ಅಲ್ಲೇ ಸಿಕ್ಕಿತು. ಆಪರೇಷನ್ನಿಗೆ ಹೊರಗಿನ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಕಾಗದ ಕೊಟ್ಟು ಕೌಂಟರಿಗೆ ಕಳಿಸಿದರು. ಕೌಂಟರಿನಲ್ಲಿದ್ದವನು ಆನಂದತೀರ್ಥ ಎಂಬ ಧಾರವಾಡದವನು. ಕನ್ನಡ ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತ, ಕಂಪ್ಯೂಟರು ನೋಡಿದ, ಮತ್ತೆ ನೋಡಿದ.

"ದೊಡ್ಡ ಆಪರೇಷನ್‌ಗೆ, ಅದೂ ಮನಿಯವರಿಗೆ ಅಂದ್ರ, ಆರು ತಿಂಗಳು ತುಂಬಿರಬೇಕ್ರಿ. ನೀವು ಕೆಲಸಕ್ಕ ಸೇರಿದ್ದು ಫೆಬ್ರುವರಿ ಅಂತದ."

"ನಾ ಅಲ್ಲಿ ಸೇರಿ ಮೂರು ವರ್ಷಾತ್ರಿ ಸಾಹೇಬ್ರ."

"ಇದರಾಗ ಹಂಗಿಲ್ಲಲ್ರಿ. ನಿಮ್ಮ ಹೆಬ್ಬೆಟ್ಟು ಹಾಕೇ ಕೊಟ್ಟಾರ." ಅವನು ದನಿ ತಗ್ಗಿಸಿದ. "ಕಾಯ್ದೆ ಬಂದ ದಿನದಿಂದ ನಿಮ್ಮ ಮಾಲೀಕರು ತುಂಬಿದ್ರ ಇವತ್ತ ಕಾಗದ ಕೊಟ್ಟಬಿಡ್ತಿದ್ದೆ. ಈಗೇನೂ ಮಾಡಲಿಕ್ಕೆ ಬರೂದಿಲ್ಲ. ಆಗಸ್ಟದಾಗ ಬರ್ರಿ. ಅಲ್ಲೀತನಕ ಕೆಲಸ ಮಾತ್ರ ಬಿಡಬ್ಯಾಡ್ರಿ."

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಪರಶು ಏನಾಯಿತು ಎಂದು ಕೇಳಿದ. ಅವಳು ಹೇಳಿದಳು. ಅವನು ನಾನು ಆವತ್ತೇ ಹೇಳಿದ್ದೆ ಎನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಹನುಮವ್ವನಿಗೆ ಅನಿಸಿತು.

ಮರುದಿನ ಅವಳು ದೇವಪ್ಪನ ಮುಂದೆ ನಿಂತಳು. "ಮಾವಾ, ಆ ಕಾಗದ ತಿದ್ದಿಸಿ ಕೊಡ್ರಿ. ನಂದೊಂದ. ಉಳದವರದು ಹಂಗ ಇರಲಿ."

"ಅದಕ್ಕ ಆರು ತಿಂಗಳ ಬೇಕಂತ ನನಗೂ ಗೊತ್ತಿದ್ದಿಲ್ಲ, ದೇವರಾಣಿ," ಎಂದ ದೇವಪ್ಪ. ಅದು ನಿಜವೇ ಇರಬೇಕು. "ಆದ್ರ ಒಂದು ತಿದ್ದಿದ್ರ ಹತ್ತೊಂಬತ್ತೂ ಸುಳ್ಳು ಅಂತ ಬಿಚ್ಚತಾರ. ನನ್ನೂ ಹಿಡೀತಾರ, ಒತ್ತಿದ್ದಕ್ಕ ನಿಮ್ಮನ್ನೂ ಹಿಡೀತಾರ. ಆಗಸ್ಟ್ ಏನ ದೂರಿಲ್ಲ."

ಆಗಸ್ಟ್ ಅವನಿಗೆ ದೂರವಿತ್ತು. ತಿಂಗಳು ತಿಂಗಳು ಇಎಸ್‌ಐಗೆ ತುಂಬುವುದು ಅವನ ಮನಸ್ಸಿಗೆ ಹೊಂದಲಿಲ್ಲ. ಫ್ಯಾಕ್ಟರಿಯವರು ಬಾಟಲಿಗೆ ಪೈಸೆ ಹೆಚ್ಚಿಸಲಿಲ್ಲ. ಸಲಹೆಗಾರ ಗಡಿಯಾಚೆ ಮಹಾರಾಷ್ಟ್ರದ ಬಾಂದಾದಲ್ಲಿ ಜಾಗ ತೋರಿಸಿದ, ಅಲ್ಲಿ ಅಳಿಯನ ಹೆಸರಿನಲ್ಲಿ ಒಂದು, ಬೀಗರ ಹೆಸರಿನಲ್ಲಿ ಒಂದು ಸಣ್ಣ ಗೋದಾಮು, ಎರಡರ ನಡುವೆ ಗೋಡೆಯಲ್ಲ, ಒಂದು ರಸ್ತೆ. ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮುಚ್ಚುತ್ತೇನೆ ಎಂದು ಹೇಳಿ ದೇವಪ್ಪ ಸಾಂಕೋಲೆಯ ಗೋದಾಮು ಮುಚ್ಚಿದ. ಬೋರ್ಡು ಎರಡೂ ಇಳಿಸಿದ. ಖೋಲಿಗಳನ್ನು ಬೇರೆ ಗುತ್ತಿಗೆದಾರನ ಬಿಹಾರಿ ಕೂಲಿಗಳಿಗೆ ಕೊಟ್ಟ.

ಹೆಂಗಸರು ದೇವಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ನಾಳೆ ಬಾಂದಾಕ್ಕೆ ಕರೆಯಬಹುದು ಎಂಬ ಆಸೆ ಇತ್ತು. ಖೋಲಿ ಬಿಡುವ ಮುಂಚೆ ನಲ್ಲಿಯ ಹತ್ತಿರ ಹನುಮವ್ವ ಕೊಡ ಇಟ್ಟಾಗ ಚಂದ್ರಿಬಾಯಿ ತನ್ನ ಕೊಡ ಸರಿಸಿಕೊಂಡಳು.

"ನಿನ್ನ ಗಂಡಗ ಒಂದು ಎದಿ, ನಮ್ಮ ಮನ್ಯಾಗ ಆರು ಹೊಟ್ಟಿ," ಎಂದಳು. "ಆ ಕಾರ್ಡ್ ಏನ ಹಚ್ಚಿಕೊಂಡು ತಿನ್ನೂದೇನ?"

"ನಿನ್ನ ಕಣ್ಣಿಗೆ ಔಷಧಿ ಹಾಕ್ಕೊಂಡಾಗ ಚಲೋ ಇತ್ತಲ್ಲ."

"ಕಣ್ಣ ಕಾಣಾಕತ್ಯಾವ. ಅದಕ್ಕ ನೀ ಮಾಡಿದ್ದು ಕಾಣಾಕತ್ತೈತಿ."

ಹನುಮವ್ವನಿಗೆ ಬೇಕಿದ್ದದ್ದು ಇಷ್ಟೇ, ಉಳಿದ ತಿಂಗಳು ತುಂಬಲು ಇಎಸ್‌ಐ ಕಟ್ಟುವ ಯಾವುದಾದರೊಂದು ಕೆಲಸ. ಸಾಂಕೋಲೆಯಿಂದ ವೆರ್ಣಾದವರೆಗೆ ಗೇಟು ಗೇಟಿಗೆ ನಿಂತಳು. ದೊಡ್ಡ ಫ್ಯಾಕ್ಟರಿಗಳು ಗುತ್ತಿಗೆದಾರರ ಕಡೆ ಕಳಿಸಿದವು. ಗುತ್ತಿಗೆದಾರರು ಕೈ ನೋಡಿದರು. "ಬಾಟ್ಲಿ ಗೋದಾಮಿನಾಕಿ? ಆ ಹತ್ತನೇದಾಕಿ ನೀನ ಏನ?" ಎಂದು ಒಬ್ಬ ಕನ್ನಡದವನು ಕೇಳಿದ. ಹೆಸರು ಅವಳಿಗಿಂತ ಮುಂಚೆ ಗೇಟು ಮುಟ್ಟಿತ್ತು. ಕೊನೆಗೆ ಮಡಗಾಂವಿನ ಮೋತಿ ಡೊಂಗರ್ ಗುಡ್ಡದ ಮೇಲೆ ಪರಶುವಿನ ಬಂದರಿನ ಗೆಳೆಯ ಲಚ್ಚಪ್ಪ ತನ್ನ ಖೋಲಿಯ ಮುಂದಿನ ಪಡಸಾಲೆ ಬಿಟ್ಟುಕೊಟ್ಟ. ಅವಳಿಗೆ ಮಡಗಾಂವಿನ ಮೀನು ಪೇಟೆಯಲ್ಲಿ ಬುಟ್ಟಿ ತೊಳೆಯುವ ಕೆಲಸ ಸಿಕ್ಕಿತು. ಅಲ್ಲಿ ಮೂರೇ ಜನ. ಯಾವ ಕಾಯ್ದೆಯೂ ಅಷ್ಟು ಕೆಳಗೆ ಇಳಿದಿರಲಿಲ್ಲ.

ಮೋತಿ ಡೊಂಗರಿನ ಪಾವಟಿಗೆ ಹತ್ತುವುದು ಪರಶುವಿಗೆ ಆಗುತ್ತಿರಲಿಲ್ಲ. ಲಚ್ಚಪ್ಪ ಬೆನ್ನ ಮೇಲೆ ಹೊತ್ತು ಮೇಲೆ ಒಯ್ದ. ಒಯ್ಯುವಾಗ ಪರಶು ಅವನ ಕಿವಿಯಲ್ಲಿ ಹೇಳಿದನಂತೆ, "ಇಷ್ಟ ವರ್ಷ ನಾ ಚೀಲ ಹೊತ್ತೆ, ಈಗ ನಾನ ಚೀಲ ಆಗೇನಿ. ಒಳಗ ಏನೂ ಮಾಲಿಲ್ಲ, ಹಗುರ ಅದೀನಿಲ್ಲೋ?"

ಮಳೆ ಹಿಡಿದ ಮೇಲೆ ಕಾಲು ಬಾತವು, ಆಮೇಲೆ ಹೊಟ್ಟೆ. ಆಗಸ್ಟ್ ಮೊದಲ ವಾರ, ಹನುಮವ್ವ ಬುಟ್ಟಿ ತೊಳೆಯಲು ಹೋದಾಗ, ಗೋಡೆಗೆ ಒರಗಿ ಕೂತಲ್ಲೇ ಪರಶು ಸತ್ತ. ಲಚ್ಚಪ್ಪನ ಹೆಂಡತಿ ನಿದ್ದೆ ಮಾಡುತ್ತಿದ್ದಾನೆ ಎಂದು ತಿಳಿದು ಮಧ್ಯಾಹ್ನದವರೆಗೆ ಎಬ್ಬಿಸಿರಲಿಲ್ಲ.

ಹೋದದ್ದು: ಒಂದು ಗೋದಾಮು. ಹತ್ತೊಂಬತ್ತು ಜನರ ಕೂಲಿ. ಏಳು ಖೋಲಿ. ತುಂಬದೆ ಉಳಿದ ಮೂರು ತಿಂಗಳು. ಒಬ್ಬ ಗಂಡ.